ಮನೆಯಲ್ಲಿ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಮೇಲೆ ತೊಂದರೆಯೇ? ಮೊದಲು ಮಟ್ಟ ನೋಡಿ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮನೆಯಲ್ಲೇ ಬದಲಿಸಿದ್ದೀರಿ. ಗಾಡಿ ಕೆಳಗಿಳಿಸಿ ಡ್ರೈವ್‌ಗೆ ಹಾಕಿದರೆ ಕದಲುತ್ತಿಲ್ಲ. ಅಥವಾ ಕದಲುತ್ತದೆ, ಆದರೆ ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ. ಅಥವಾ ನಿನ್ನೆಯವರೆಗೆ ಇಲ್ಲದ ಒಂದು ಸದ್ದು ಶುರುವಾಗಿದೆ. ಇಂಥ ಹೊತ್ತಿನಲ್ಲಿ ಎಲ್ಲರ ತಲೆಗೂ ಮೊದಲು ಬರುವುದು "ಗೇರ್‌ಬಾಕ್ಸ್ ಹೋಯ್ತು" ಅನ್ನುವ ಯೋಚನೆ. ಗಾಬರಿ ಬೇಡ. ಆಯಿಲ್ ಬದಲಿಸಿದ ದಿನವೇ ಶುರುವಾದ ತೊಂದರೆಗೆ ಕಾರಣ ಸಾಮಾನ್ಯವಾಗಿ ಆ ಕೆಲಸದಲ್ಲೇ ಇರುತ್ತದೆ. ಆಯಿಲ್ ಕಮ್ಮಿ ಆಗಿರುತ್ತದೆ, ಇಲ್ಲವೇ ಜಾಸ್ತಿ ಆಗಿರುತ್ತದೆ. ಬೇರೆ ಬಗೆಯ ಆಯಿಲ್ ಬಿದ್ದಿರಬಹುದು. ಫಿಲ್ಟರ್ ಸರಿಯಾಗಿ ಕೂತಿಲ್ಲದಿರಬಹುದು. ಇವೆಲ್ಲವನ್ನೂ ನೀವೇ ನೋಡಬಹುದು, ನೀವೇ ಸರಿ ಮಾಡಬಹುದು. ಬಿಚ್ಚುವ, ರಿಪೇರಿಯ ಮಾತು ಆಮೇಲೆ.

ಹುಡುಕಾಟ ಶುರು ಮಾಡುವ ಮೊದಲು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಈ ತೊಂದರೆ ಆಯಿಲ್ ಬದಲಿಸುವ ಮೊದಲೇ ಇತ್ತಾ? ಗೇರ್ ಜಾರುತ್ತಿದೆ (ಎಂಜಿನ್ ಜೋರಾಗುತ್ತದೆ, ವೇಗ ಏರುವುದಿಲ್ಲ) ಅಂತಲೇ ಆಯಿಲ್ ಬದಲಿಸಿದ್ದರೆ, ಈಗಲೂ ಜಾರುತ್ತಿದ್ದರೆ, ದಾರಿಯೇ ಬೇರೆ. ಒಳಗೆ ಗೇರ್ ಹಿಡಿದಿಡುವ ಕ್ಲಚ್ ಪ್ಲೇಟ್ ಸವೆದುಹೋಗಿದ್ದರೆ ಅದನ್ನು ಹೊಸ ಆಯಿಲ್ ಮತ್ತೆ ದಪ್ಪ ಮಾಡುವುದಿಲ್ಲ. "ಆಯಿಲ್ ಬದಲಿಸಿದ್ದಕ್ಕೇ ಗೇರ್‌ಬಾಕ್ಸ್ ಕೆಟ್ಟಿತು" ಅನ್ನುವ ಕತೆಗಳಲ್ಲಿ ತುಂಬಾ ಸಲ ನಡೆದಿರುವುದು ಇಷ್ಟೇ: ಕೆಡುತ್ತಿದ್ದ ಗೇರ್‌ಬಾಕ್ಸಿಗೆ ಕೊನೆಯ ಪ್ರಯತ್ನವಾಗಿ ಆಯಿಲ್ ಹಾಕಿರುತ್ತಾರೆ. ಮೊದಲು ಚೆನ್ನಾಗಿದ್ದು, ಬದಲಿಸಿದ ಮೇಲೆ ಕೆಟ್ಟಿದ್ದರೆ ಮಾತ್ರ ಮುಂದಿನ ಸಾಲುಗಳು ನೇರವಾಗಿ ನಿಮಗೆ.

ಎರಡನೆಯದು, ನಿಮ್ಮ ಗಾಡಿಯ ಗೇರ್‌ಬಾಕ್ಸ್ ಯಾವ ಬಗೆಯದು ಅಂತ ಖಚಿತ ಮಾಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ ಗಾಡಿಗಳೆಲ್ಲ ಒಂದೇ ಅಲ್ಲ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಮಾಮೂಲಿ ಆಟೋಮ್ಯಾಟಿಕ್ ಇದೆ, ಬೆಲ್ಟ್ ಮೇಲೆ ಓಡುವ ಸಿವಿಟಿ ಇದೆ, ಡ್ಯುಯಲ್ ಕ್ಲಚ್ ಇದೆ. ಮ್ಯಾನುವಲ್ ಗೇರ್‌ಬಾಕ್ಸಿಗೇ ಮೋಟಾರು ಜೋಡಿಸಿದ ಎಎಂಟಿಯೂ ಇದೆ. ಪ್ರತಿಯೊಂದಕ್ಕೂ ಆಯಿಲ್ ಬೇರೆ. ನಾನಿಲ್ಲಿ ಹೆಚ್ಚು ಹೇಳುವುದು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಬಗ್ಗೆ. ಉಳಿದವುಗಳ ಮಾತು ಕೊನೆಯ ಕಡೆಗೆ ಬರುತ್ತದೆ.

ಹೊರಗೆ ಬಂದದ್ದೆಷ್ಟು, ಒಳಗೆ ಹೋದದ್ದೆಷ್ಟು

ಹಳೆ ಆಯಿಲ್ ಇನ್ನೂ ಚೆಲ್ಲಿಲ್ಲ ತಾನೇ? ಹಾಗಿದ್ದರೆ ಒಳ್ಳೆಯದು. ಅದನ್ನು ಅಳತೆ ಗುರುತಿರುವ ಡಬ್ಬಕ್ಕೆ ಸುರಿದು ಎಷ್ಟಿದೆ ನೋಡಿ. ನೀವು ಹಾಕಿದ ಹೊಸ ಆಯಿಲ್‌ನ ಲೆಕ್ಕ ಪಕ್ಕದಲ್ಲಿ ಬರೆಯಿರಿ. ಹೊರಗೆ ಬಂದದ್ದು 4 ಲೀಟರ್, ಒಳಗೆ ಹೋದದ್ದು 3 ಲೀಟರ್ ಅಂದರೆ ಕಾರಣ ಕಣ್ಣೆದುರಿಗೇ ಇದೆ. ಇಡೀ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ಒಂದು ಅಳತೆಯನ್ನೇ. ಇನ್ನೂ ಆಯಿಲ್ ಬದಲಿಸದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಅಳೆಯದೆ ಚೆಲ್ಲಬೇಡಿ.

ಅಳೆಯುವಾಗ ಒಂದು ಸೂಕ್ಷ್ಮ ಇದೆ. ಬಿಸಿ ಆಯಿಲ್ ಹಿಗ್ಗಿರುತ್ತದೆ. 8 ಲೀಟರ್ ಆಯಿಲ್ ಮೊದಲಿಗಿಂತ 60 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ 300 ಮಿಲಿಗಿಂತ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಬಿಸಿಯಾಗಿ ಇಳಿದ ಆಯಿಲ್ ರಾತ್ರಿಯಿಡೀ ಆರಲಿ. ತಣ್ಣಗಾದ ಹಳೆ ಆಯಿಲನ್ನು ತಣ್ಣಗಿನ ಹೊಸ ಆಯಿಲ್ ಜೊತೆ ಹೋಲಿಸಿ.

ಕೈಪಿಡಿಯಲ್ಲಿ ಒಟ್ಟು ಹಿಡಿಯುವ ಪ್ರಮಾಣ 8 ಲೀಟರ್ ಅಂತ ಬರೆದಿದ್ದರೆ ಎಂಟೂ ಲೀಟರ್ ಸುರಿಯಬಾರದು. ಇಲ್ಲಿ ತಪ್ಪುವವರು ಬಹಳ ಜನ. ಡ್ರೇನ್ ಪ್ಲಗ್ ಬಿಚ್ಚಿದಾಗ ಇಳಿಯುವುದು ಪ್ಯಾನ್‌ನಲ್ಲಿದ್ದ (ಗೇರ್‌ಬಾಕ್ಸಿನ ತಳದ ತಟ್ಟೆಯಲ್ಲಿದ್ದ) ಆಯಿಲ್ ಮಾತ್ರ, ಒಟ್ಟು ಪ್ರಮಾಣದ ಮೂರನೇ ಒಂದರಿಂದ ಅರ್ಧದಷ್ಟು. ಉಳಿದದ್ದು ಟಾರ್ಕ್ ಕನ್ವರ್ಟರ್, ಕೂಲರ್ ಮತ್ತು ಪೈಪುಗಳಲ್ಲೇ ನಿಂತಿರುತ್ತದೆ. ಒಂದು ಸಲಕ್ಕೆ ಶೇ. 40 ಹೊಸದಾಗುತ್ತದೆ ಅಂತಿಟ್ಟುಕೊಳ್ಳಿ. ನಡುವೆ ಗಾಡಿ ಓಡಿಸಿ ಮೂರು ಸಲ ಇಳಿಸಿ ತುಂಬಿದರೆ ಶೇ. 78ರಷ್ಟು ಹೊಸ ಆಯಿಲ್ ಆಗಿರುತ್ತದೆ. ಮನೆಯಲ್ಲಿ ಮಾಡುವವರಿಗೆ ನಿಧಾನವಾದ ಈ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ.

ಮಟ್ಟ ನೋಡುವುದು: ಇಲ್ಲಿ ಅವಸರ ಮಾಡಬೇಡಿ

ಮೊದಲು ಸುರಕ್ಷತೆ. ಗಾಡಿಯ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬಾರದು. ಗಟ್ಟಿ ನೆಲ, ನಾಲ್ಕು ಜಾಕ್ ಸ್ಟ್ಯಾಂಡ್ ಅಥವಾ ಚಕ್ರ ಪೂರ್ತಿ ಕೂರುವ ರ‍್ಯಾಂಪ್ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ನೆಲದಲ್ಲಿರುವ ಚಕ್ರಗಳಿಗೆ ತಡೆ ಕೊಡಿ. ಮಟ್ಟ ನೋಡುವಾಗ ಎಂಜಿನ್ ಓಡುತ್ತಿರುತ್ತದೆ, ಆಯಿಲ್ ಬಿಸಿ ಇರುತ್ತದೆ, ಎಕ್ಸಾಸ್ಟ್ ಅದಕ್ಕಿಂತ ಬಿಸಿ ಇರುತ್ತದೆ. ಕೈಗವಸು ಹಾಕಿಕೊಳ್ಳಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬೇಡಿ.

ಗಾಡಿ ನಾಲ್ಕೂ ಕಡೆ ಸಮ ಇರಬೇಕು. ಮುಂದಿನ ಭಾಗ ಮಾತ್ರ ಎತ್ತಿ ಮಟ್ಟ ನೋಡಿದರೆ ಆಯಿಲ್ ಒಂದು ಕಡೆಗೆ ವಾಲಿರುತ್ತದೆ. ಆ ಅಳತೆಗೆ ಬೆಲೆಯೇ ಇಲ್ಲ.

ಡಿಪ್‌ಸ್ಟಿಕ್ (ಮಟ್ಟ ನೋಡುವ ಕಡ್ಡಿ) ಇರುವ ಗಾಡಿ ಸುಲಭ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಎಂಜಿನ್ ಆಫ್ ಮಾಡಬೇಡಿ. ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ಪಾರ್ಕ್‌ನಿಂದ ರಿವರ್ಸ್, ನ್ಯೂಟ್ರಲ್, ಡ್ರೈವ್ ಎಲ್ಲಕ್ಕೂ ಒಂದೊಂದಾಗಿ ತನ್ನಿ. ಪ್ರತಿ ಕಡೆ ಕೆಲವು ಸೆಕೆಂಡ್ ನಿಲ್ಲಿಸಿ, ಮತ್ತೆ ಪಾರ್ಕ್‌ಗೆ ಬನ್ನಿ. ಈಗ ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ತಳ ಮುಟ್ಟುವಂತೆ ಹಾಕಿ ಮತ್ತೆ ಎಳೆಯಿರಿ. ಎರಡೂ ಬದಿ ನೋಡಿ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಮ್ಮಿ ತೋರಿದರೆ ಕಮ್ಮಿಯದನ್ನೇ ನಂಬಿ. ಈಗಷ್ಟೇ ಸುರಿದ ಆಯಿಲ್ ಕೊಳವೆಯ ಗೋಡೆಗೆ ಅಂಟಿಕೊಂಡು ಕಡ್ಡಿಯನ್ನು ಒದ್ದೆ ಮಾಡುತ್ತದೆ. ಒರೆಸುವ ಬಟ್ಟೆ ನೂಲು ಬಿಡದ ಬಟ್ಟೆಯಾಗಿರಲಿ. ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಒಂದು ಎಳೆ ನೂಲು ಸಿಕ್ಕಿಕೊಂಡರೂ ತೊಂದರೆ.

ಎಂಜಿನ್ ಏಕೆ ಓಡುತ್ತಿರಬೇಕು ಅಂದರೆ, ಪಂಪ್ ತಿರುಗುತ್ತಿದ್ದಾಗ ಆಯಿಲ್ ಕನ್ವರ್ಟರ್‌ನಲ್ಲಿ, ಕೂಲರ್‌ನಲ್ಲಿ ಹರಡಿಕೊಂಡಿರುತ್ತದೆ. ಎಂಜಿನ್ ನಿಂತರೆ ಅದರಲ್ಲಿ ಸ್ವಲ್ಪ ಪ್ಯಾನ್‌ಗೆ ಇಳಿದು ಮಟ್ಟ ಹೆಚ್ಚು ಕಾಣುತ್ತದೆ. ನಿಂತ ಎಂಜಿನ್‌ನಲ್ಲಿ "ಫುಲ್" ಅಂತ ಕಂಡದ್ದು ಓಡುವ ಎಂಜಿನ್‌ನಲ್ಲಿ ಕಮ್ಮಿ ಆಗಿರಬಹುದು. ಆದರೆ ಎಲ್ಲ ಗಾಡಿಗೂ ಇದೇ ನಿಯಮವಲ್ಲ. ಹೋಂಡಾದ ಹಲವು ಗಾಡಿಗಳಲ್ಲಿ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿದ ತಕ್ಷಣ ನೋಡಬೇಕು. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ.

ಡಿಪ್‌ಸ್ಟಿಕ್ ಇಲ್ಲದ ಗಾಡಿಗಳಲ್ಲೇ ಜಾಸ್ತಿ ಗೊಂದಲ. ಇವುಗಳಲ್ಲಿ ಮಟ್ಟ ನೋಡುವ ಪ್ಲಗ್ ಇರುತ್ತದೆ. ಅದರ ಒಳಗೆ ಎತ್ತರದ ಒಂದು ಸಣ್ಣ ಕೊಳವೆ, ಅಥವಾ ಗೇರ್‌ಬಾಕ್ಸ್ ಪೆಟ್ಟಿಗೆಯ ಬದಿಯಲ್ಲಿ ಒಂದು ತೂತು. ಆಯಿಲ್ ಆ ಎತ್ತರಕ್ಕೆ ಬಂದಿದ್ದರೆ ಹೊರಗೆ ಹರಿಯುತ್ತದೆ. ಲೆಕ್ಕ ಸರಳ, ಆದರೆ ಆ ಹೊತ್ತಿಗೆ ಆಯಿಲ್ ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಲವು ಟೊಯೋಟಾ ಗಾಡಿಗಳಲ್ಲಿ ಇದು 35ರಿಂದ 45 ಡಿಗ್ರಿ ಸೆಲ್ಸಿಯಸ್. ಝಡ್‌ಎಫ್ ಕಂಪನಿಯ ಆರು, ಎಂಟು ಗೇರ್‌ಗಳ ಪೆಟ್ಟಿಗೆಗಳಲ್ಲಿ 30ರಿಂದ 50 ಡಿಗ್ರಿ. ಗೇರ್‌ಬಾಕ್ಸಿನ ತಾಪವನ್ನು ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್‌ನಲ್ಲಿ ನೋಡಿ. ಎಂಜಿನ್ ಕೂಲೆಂಟ್‌ನ ತಾಪ ನೋಡಿ ಅಂದಾಜು ಮಾಡಬೇಡಿ. ಎಂಜಿನ್ 90 ಡಿಗ್ರಿ ಮುಟ್ಟಿದರೂ ನಿಂತಿರುವ ಗಾಡಿಯ ಗೇರ್‌ಬಾಕ್ಸ್ ಇನ್ನೂ ತಣ್ಣಗೇ ಇರಬಹುದು.

ತಾಪ ಸರಿಯಾದ ಹಂತಕ್ಕೆ ಬಂದಾಗ, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ಬಿಚ್ಚಿ. ಮೊದಲು ಆಯಿಲ್ ಬೆರಳಿನ ದಪ್ಪಕ್ಕೆ ಬರಬಹುದು. ನಿಧಾನಕ್ಕೆ ಧಾರೆ ಸಣ್ಣದಾಗುತ್ತದೆ, ದಾರದಂತೆ ಎಳೆಯಾಗುತ್ತದೆ, ಆಮೇಲೆ ತುಂಡು ತುಂಡಾಗಿ ಹನಿಯತೊಡಗುತ್ತದೆ. ಹನಿ ಹನಿಯಾಗಿ ಬೀಳಲು ಶುರುವಾದ ಕ್ಷಣವೇ ಪ್ಲಗ್ ಹಾಕುವ ಹೊತ್ತು. ಪೂರ್ತಿ ನಿಲ್ಲಲಿ ಅಂತ ಕಾಯಬೇಡಿ. ನೀವು ಕಾಯುವ ಹೊತ್ತಿನಲ್ಲಿ ಆಯಿಲ್ ಇನ್ನೂ ಬಿಸಿಯಾಗಿ, ಇನ್ನೂ ಹಿಗ್ಗಿ, ಒಳಗೆ ಇರಬೇಕಾದ ಆಯಿಲ್ ಹೊರಗೆ ಬರುತ್ತಾ ಇರುತ್ತದೆ. ಪ್ಲಗ್ ಬಿಚ್ಚಿದಾಗ ಒಂದು ಹನಿಯೂ ಬರಲಿಲ್ಲವೇ? ಮಟ್ಟ ಕಮ್ಮಿ ಇದೆ. ಮೇಲಿನ ಫಿಲ್ ಪ್ಲಗ್‌ನಿಂದ ಪಂಪ್ ಮಾಡಿ ಹಾಕುತ್ತಾ ಹೋಗಿ, ಹನಿ ಬೀಳುವವರೆಗೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ನಿಮ್ಮ ತೊಂದರೆ ಎಲ್ಲಿ ಹುಟ್ಟಿತು ಅನ್ನುವುದು ಗೊತ್ತಾಗುತ್ತದೆ. ಆಯಿಲ್ 70 ಡಿಗ್ರಿ ಇದ್ದಾಗ ಮಟ್ಟ ಹೊಂದಿಸಿದ್ದರೆ ಈಗ ಆಯಿಲ್ ಕಮ್ಮಿ ಇದೆ. ತೀರಾ ತಣ್ಣಗಿದ್ದಾಗ ಹೊಂದಿಸಿದ್ದರೆ ಜಾಸ್ತಿ ಇದೆ. ಎಂಜಿನ್ ಆಫ್ ಇದ್ದಾಗ ತುಂಬಿ ಹರಿದದ್ದನ್ನು ನೋಡಿ "ಸಾಕು" ಅಂತ ಮುಚ್ಚಿದ್ದರೆ ಖಂಡಿತ ಕಮ್ಮಿ ಇದೆ. ಎಂಜಿನ್ ಶುರುವಾದ ಕೂಡಲೇ ಪಂಪ್ ಆಯಿಲನ್ನು ಕನ್ವರ್ಟರ್‌ಗೆ ಎಳೆದುಕೊಂಡು ಪ್ಯಾನ್ ಖಾಲಿ ಮಾಡುತ್ತದೆ.

ಇನ್ನೊಂದು ಮಾತು. ಡ್ರೇನ್ ಪ್ಲಗ್ ಬಿಚ್ಚುವ ಮೊದಲು ಫಿಲ್ ಪ್ಲಗ್ ಬಿಚ್ಚಲು ಬರುತ್ತದೆಯೇ ನೋಡಬೇಕು. ತುಕ್ಕು ಹಿಡಿದ ಫಿಲ್ ಪ್ಲಗ್ ಬಿಚ್ಚದೇ ಹೋದರೆ, ಆಯಿಲ್ ಇಳಿಸಿದ ಗಾಡಿ ಅಲ್ಲೇ ಕೂತುಬಿಡುತ್ತದೆ.

ಗೇರ್ ಹಾಕಿದರೂ ಗಾಡಿ ಕದಲುವುದಿಲ್ಲ

ಎಂಜಿನ್ ಸರಾಗ ಓಡುತ್ತದೆ, ಡ್ರೈವ್‌ಗೆ ಹಾಕಿದರೆ ಏನೂ ಆಗುವುದಿಲ್ಲ. ಕೂಡಲೇ ಎಂಜಿನ್ ಆಫ್ ಮಾಡಿ. ಆಕ್ಸಿಲರೇಟರ್ ಒತ್ತಿ ಪರೀಕ್ಷೆ ಮಾಡಬೇಡಿ. ಒತ್ತಡ ಇಲ್ಲದೆ ಕ್ಲಚ್ ಪ್ಲೇಟುಗಳು ಅರ್ಧಂಬರ್ಧ ಹಿಡಿದು ಉಜ್ಜಿದರೆ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ.

ಈಗ ಇಳಿಸಿದ ಆಯಿಲ್ ಬಣ್ಣ ನೋಡಿ. ಕಪ್ಪು ಅಥವಾ ಕಡು ಕಂದು ಬಣ್ಣದ್ದನ್ನು ಇಳಿಸಬೇಕೆಂದು ಹೊರಟು, ಕೆಂಪನೆಯದನ್ನು ಇಳಿಸಿದ್ದೀರಾ? ಕೆಲವು ಗಾಡಿಗಳಲ್ಲಿ ಎಂಜಿನ್‌ನ ಡ್ರೇನ್ ಪ್ಲಗ್, ಗೇರ್‌ಬಾಕ್ಸಿನ ಡ್ರೇನ್ ಪ್ಲಗ್ ಹತ್ತಿರ ಹತ್ತಿರ ಇರುತ್ತವೆ, ನೋಡಲು ಒಂದೇ ಥರ. ಎಂಜಿನ್ ಆಯಿಲ್ ಬದಲಿಸಲು ಹೋಗಿ ಗೇರ್‌ಬಾಕ್ಸ್ ಖಾಲಿ ಮಾಡಿದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಗೇರ್‌ಬಾಕ್ಸಿನಲ್ಲಿ ಆಯಿಲ್ ಇಲ್ಲ, ಎಂಜಿನ್‌ನಲ್ಲಿ ಎರಡರಷ್ಟು ಇದೆ. ಎಂಜಿನ್ ಡಿಪ್‌ಸ್ಟಿಕ್ ತೆಗೆದು ನೋಡಿದರೆ ತಿಳಿಯುತ್ತದೆ. ಎರಡನ್ನೂ ಸರಿ ಮಾಡುವವರೆಗೆ ಎಂಜಿನ್ ಶುರು ಮಾಡುವಂತಿಲ್ಲ.

ಅದಲ್ಲವಾದರೆ ಮಟ್ಟ ಕಮ್ಮಿ, ಇಲ್ಲವೇ ಫಿಲ್ಟರ್ ತನ್ನ ಜಾಗದಿಂದ ಕಳಚಿ ಪ್ಯಾನ್‌ಗೆ ಬಿದ್ದಿದೆ. ಕದಲುತ್ತದೆ ಆದರೆ ಗೇರ್ ಹಾಕಿ ಎರಡು ಮೂರು ಸೆಕೆಂಡ್ ಕಾಯಬೇಕು ಅನ್ನುವುದಾದರೂ ಮೊದಲ ಅನುಮಾನ ಮಟ್ಟದ ಮೇಲೆಯೇ.

ಜಾರುವುದು ಮತ್ತು ನೊರೆ

ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ತಿರುವಿನಲ್ಲಿ, ಏರಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಹೀಗಾದರೆ ಆಯಿಲ್ ಕಮ್ಮಿ ಇದೆ. ಗಾಡಿ ವಾಲಿದಾಗ ಆಯಿಲ್ ಫಿಲ್ಟರ್‌ನ ಬಾಯಿಂದ ದೂರ ಸರಿದು ಪಂಪ್ ಗಾಳಿ ಎಳೆಯುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಹೆದ್ದಾರಿಯಲ್ಲಿ ಜಾರಲು ಶುರುವಾದರೆ ಆಯಿಲ್ ಜಾಸ್ತಿ ಇರುವ ಸಾಧ್ಯತೆಯನ್ನೂ ನೋಡಿ.

ಜಾಸ್ತಿ ಆದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ತಿರುಗುವ ಗೇರುಗಳು ಆಯಿಲ್‌ನಲ್ಲಿ ಮುಳುಗಿ ಅದನ್ನು ಕಡೆಯುತ್ತವೆ. ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿ ಇದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಕ್ಲಚ್‌ಗಳನ್ನು ಹಿಡಿದಿಡುವುದೇ ಆಯಿಲ್ ಒತ್ತಡ, ಆ ಒತ್ತಡ ಬಿದ್ದರೆ ಹಿಡಿತವೂ ಬೀಳುತ್ತದೆ. ಡಿಪ್‌ಸ್ಟಿಕ್ ಮೇಲೆ ಸಣ್ಣ ಗುಳ್ಳೆಗಳು ಕಂಡರೆ ಇದೇ ಗುರುತು. ವಿಚಿತ್ರ ಅಂದರೆ ಕಮ್ಮಿ ಇದ್ದಾಗಲೂ ಪಂಪ್ ಗಾಳಿ ಎಳೆದು ನೊರೆ ಮಾಡುತ್ತದೆ. ಹಾಗಾಗಿ ನೊರೆ ಕಂಡ ತಕ್ಷಣ ಇಳಿಸಲೂ ಬೇಡಿ, ಸುರಿಯಲೂ ಬೇಡಿ. ಎಂಜಿನ್ ಆಫ್ ಮಾಡಿ, ನೊರೆ ಇಳಿಯಲು ಬಿಡಿ. ಆಮೇಲೆ ಮಟ್ಟವನ್ನು ಕ್ರಮವಾಗಿ ಮತ್ತೆ ನೋಡಿ.

ಕೊರಗುವ ಸದ್ದು

ಪಾರ್ಕ್‌ನಲ್ಲಿ ನಿಂತಾಗಲೂ ಕೇಳುವ, ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರುವ, ಕೊರಗಿದಂಥ ಸದ್ದು ಪಂಪ್‌ನದು. ಪಂಪ್‌ಗೆ ಸಾಕಷ್ಟು ಆಯಿಲ್ ಸಿಗುತ್ತಿಲ್ಲ. ಮಟ್ಟ ಸರಿ ಇದ್ದೂ ಸದ್ದು ಬಂದರೆ ಫಿಲ್ಟರ್ ನೋಡಬೇಕು.

ಫಿಲ್ಟರ್ ಬದಲಿಸಿದವರಲ್ಲಿ ಕಾಣುವ ತಪ್ಪುಗಳು ಸಾಮಾನ್ಯವಾಗಿ ಮೂರು. ಹಳೆ ಫಿಲ್ಟರ್‌ನ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಮೇಲಿನ ತೂತಿನಲ್ಲೇ ಉಳಿದು, ಹೊಸದು ಅದರ ಮೇಲೆ ಕೂತಿರುತ್ತದೆ. ಅಥವಾ ಹೊಸ ಓ-ರಿಂಗ್‌ಗೆ ಆಯಿಲ್ ಸವರದೆ ಒಣಗಿದ್ದಂತೆಯೇ ತುರುಕಿದಾಗ ಅದು ಮಡಚಿಕೊಂಡಿರುತ್ತದೆ ಇಲ್ಲವೇ ಹರಿದಿರುತ್ತದೆ. ಅಥವಾ ಬೇರೆ ಮಾಡೆಲ್‌ನ ಫಿಲ್ಟರ್ ಹಾಕಿ, ಅದರ ಕತ್ತು ಪೂರ್ತಿ ಒಳಗೆ ಹೋಗಿರುವುದಿಲ್ಲ. ಮೂರರಲ್ಲೂ ಪಂಪ್ ಆಯಿಲ್ ಜೊತೆ ಗಾಳಿ ಕುಡಿಯುತ್ತದೆ. ಪ್ಯಾನ್ ಮತ್ತೆ ಇಳಿಸದೆ ಬೇರೆ ದಾರಿ ಇಲ್ಲ. ಬೇಸರದ ಕೆಲಸ, ನಿಜ. ಆದರೆ ಆ ಸದ್ದಿನೊಂದಿಗೆ ಗಾಡಿ ಓಡಿಸಿದರೆ ಪಂಪ್ ಸವೆಯುತ್ತದೆ. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಹಳೆ ಓ-ರಿಂಗ್ ಗೋಡೆಯ ಜೊತೆ ಸೇರಿಹೋದಂತೆ ಕಾಣಬಹುದು. ಕಣ್ಣಿಗೆ ಕಾಣದಿದ್ದರೂ ಬೆರಳು ಆಡಿಸಿದರೆ ಅಂಚು ಸಿಗುತ್ತದೆ. ಅದನ್ನು ತೆಗೆಯಲು ಚೂಪಾದ ಸ್ಕ್ರೂಡ್ರೈವರ್ ಬಳಸಿ ತೂತಿನ ಗೋಡೆಗೆ ಗೀರು ಹಾಕಬೇಡಿ.

ಒಂದೇ ವೇಗದಲ್ಲಿ ಹೋಗುವಾಗ ನಡುಕ

ಗಂಟೆಗೆ 60ರಿಂದ 80 ಕಿಲೋಮೀಟರ್ ವೇಗ, ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಆಗ ಗಾಡಿ ಒಂದೆರಡು ಸೆಕೆಂಡ್ ಸಣ್ಣಗೆ ನಡುಗುತ್ತದೆ, ರಸ್ತೆಯ ಸಣ್ಣ ಉಬ್ಬು ಪಟ್ಟಿಗಳ ಮೇಲೆ ಚಕ್ರ ಹಾದ ಹಾಗೆ. ಎಂಜಿನ್ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು) ಅಂದುಕೊಂಡು ಸ್ಪಾರ್ಕ್ ಪ್ಲಗ್ ಬದಲಿಸುವವರು ಬಹಳ. ಬೇರ್ಪಡಿಸಿ ನೋಡುವ ದಾರಿ ಸುಲಭವಾಗಿದೆ. ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, ನಡುಕ ಬರುತ್ತಿರುವಾಗ ಆಕ್ಸಿಲರೇಟರ್ ಹಾಗೇ ಹಿಡಿದು ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಒಂದೇ ವೇಗದಲ್ಲಿ ಹೋಗುವಾಗ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಜೋಡಿಸಿರುತ್ತದೆ; ಬ್ರೇಕ್ ಮುಟ್ಟಿದರೆ ಆ ಲಾಕ್ ಬಿಡುತ್ತದೆ. ಆ ಕ್ಷಣವೇ ನಡುಕ ನಿಂತರೆ ತೊಂದರೆ ಕನ್ವರ್ಟರ್‌ನ ಲಾಕಪ್ ಕ್ಲಚ್‌ನಲ್ಲಿದೆ. ನಿಲ್ಲದಿದ್ದರೆ, ಏರಿನಲ್ಲಿ ಭಾರ ಬಿದ್ದಾಗ ಜಾಸ್ತಿ ಆದರೆ, ಎಂಜಿನ್ ಕಡೆ ನೋಡಿ.

ಆಯಿಲ್ ಬದಲಿಸಿದ ಮೇಲೆ ಈ ನಡುಕ ಹೊಸದಾಗಿ ಬಂದಿದ್ದರೆ ನನ್ನ ಮೊದಲ ಅನುಮಾನ ಆಯಿಲ್‌ನ ಬಗೆಯ ಮೇಲೆ. ಲಾಕಪ್ ಕ್ಲಚ್ ಸ್ವಲ್ಪ ಜಾರುತ್ತಾ ಮೆತ್ತಗೆ ಹಿಡಿಯಬೇಕು. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವುದನ್ನು ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳೇ ನಿರ್ಧರಿಸುತ್ತವೆ. ಡೆಕ್ಸ್ರಾನ್ 6, ಮರ್ಕಾನ್ ಎಲ್‌ವಿ, ಟೊಯೋಟಾ ಡಬ್ಲ್ಯೂಎಸ್, ಕ್ರೈಸ್ಲರ್‌ನ ಎಟಿಎಫ್ ಪ್ಲಸ್ 4 ಇವೆಲ್ಲ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ನ ಬೇರೆ ಬೇರೆ ಬಗೆಗಳು, ನೋಡಲು ಕೆಂಪಾಗಿಯೇ ಇರುತ್ತವೆ. ಬಣ್ಣ ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಅಲ್ಲ. ಡಬ್ಬದ ಮೇಲೆ "ಎಲ್ಲ ಗಾಡಿಗೂ" ಅಂತ ಬರೆದಿರುವುದನ್ನು ನೋಡಿ ತೃಪ್ತಿಪಡಬೇಡಿ. ಕೈಪಿಡಿಯಲ್ಲಿ ಇರುವ ಹೆಸರು ಡಬ್ಬದ ಮೇಲೆ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಸರಿಯಾದ ಆಯಿಲ್ ತಂದು ಇಳಿಸಿ ತುಂಬುವುದನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿ. ಒಂದೇ ಸಲಕ್ಕೆ ತಪ್ಪು ಆಯಿಲ್ ಪೂರ್ತಿ ಹೋಗುವುದಿಲ್ಲ.

ಜರ್ಕ್, ಒಂದೇ ಗೇರ್, ಉರಿಯುವ ದೀಪ

ಮಟ್ಟ ಸರಿ, ಆಯಿಲ್ ಸರಿ, ಆದರೂ ಗೇರ್ ಬದಲಾಗುವಾಗ ಸ್ವಲ್ಪ ಒರಟು ಅನ್ನಿಸುತ್ತದೆ. ಇದಕ್ಕೆ ಕೆಲವು ದಿನ ಕೊಡಿ. ಗೇರ್‌ಬಾಕ್ಸಿನ ಕಂಪ್ಯೂಟರ್ ಹಳೆ ಆಯಿಲ್‌ಗೆ, ಸವೆದ ಪ್ಲೇಟಿಗೆ ತಕ್ಕಂತೆ ಒತ್ತಡ ಹೊಂದಿಸಿಕೊಂಡಿರುತ್ತದೆ. ಹೊಸ ಆಯಿಲ್‌ನಲ್ಲಿ ಹಿಡಿತ ಬದಲಾದಾಗ ಮತ್ತೆ ಕಲಿಯಬೇಕು. ಹಗುರ ಕಾಲಿನಲ್ಲಿ, ಎಲ್ಲ ಗೇರುಗಳೂ ಬೀಳುವಂತೆ, ಮತ್ತೆ ಮತ್ತೆ ಪೂರ್ತಿ ನಿಲ್ಲಿಸಿ ಹೊರಡುತ್ತಾ ಓಡಿಸಿ. ಕೆಲವು ಗಾಡಿಗಳಲ್ಲಿ ಹಳೆ ಕಲಿಕೆಯನ್ನು ಸ್ಕ್ಯಾನರ್‌ನಿಂದ ಅಳಿಸಿ ಹೊಸದಾಗಿ ಕಲಿಸುವ ಕ್ರಮವೇ ಇದೆ. ಜರ್ಕ್ ಕಮ್ಮಿಯಾಗುತ್ತಾ ಬಂದರೆ ಸರಿ. ಜಾಸ್ತಿಯಾಗುತ್ತಾ ಹೋದರೆ ಕಾಯಬೇಡಿ.

ಎಂಜಿನ್ ದೀಪ ಹೊತ್ತಿಕೊಂಡು, ಗಾಡಿ ಎರಡನೇ ಅಥವಾ ಮೂರನೇ ಗೇರ್‌ನಲ್ಲೇ ಸಿಕ್ಕಿಹಾಕಿಕೊಂಡರೆ ಕಂಪ್ಯೂಟರ್ ಗೇರ್‌ಬಾಕ್ಸನ್ನು ಕಾಪಾಡುತ್ತಿದೆ ಅಂತ ಅರ್ಥ. ಸ್ಕ್ಯಾನರ್ ಹಾಕಿ ತೊಂದರೆಯ ಕೋಡ್ ಓದಿ. ಪಿ0700 ಒಂದೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರ್‌ನಲ್ಲಿ ಬೇರೆ ಕೋಡ್ ಇದೆ ಅಂತಷ್ಟೇ ಅದು ಹೇಳುತ್ತದೆ. ಆ ಬೇರೆ ಕೋಡ್ ಬೇಕು. ಪಿ0711 ಆಯಿಲ್ ತಾಪದ ಸೆನ್ಸರ್‌ಗೆ ಸೇರಿದ್ದು, ಪಿ0741 ಕನ್ವರ್ಟರ್ ಲಾಕಪ್‌ಗೆ, ಪಿ0730 ಗೇರ್ ಅನುಪಾತ ತಪ್ಪಿದ್ದಕ್ಕೆ. ಪ್ಯಾನ್ ಇಳಿಸಿದ ದಿನವೇ ಸೆನ್ಸರ್ ಅಥವಾ ಸೊಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕೋಡ್ ಬಂದಿದ್ದರೆ ನೇರವಾಗಿ ವೈರಿಂಗ್ ನೋಡಿ. ಫಿಲ್ಟರ್ ಎಳೆಯುವಾಗ ಒಳಗಿನ ವೈರ್ ಜಗ್ಗಿರಬಹುದು. ಹೊರಗಿನ ಕನೆಕ್ಟರ್‌ಗೆ ಕೈ ತಗುಲಿ ಸಡಿಲವಾಗಿರಬಹುದು. ಕನೆಕ್ಟರ್ ಒತ್ತಿ, ಟಕ್ ಅಂತ ಕೂರಬೇಕು.

ಸೋರಿಕೆ

ಕೆಲಸದ ವೇಳೆ ಚೆಲ್ಲಿದ ಆಯಿಲ್ ಎಲ್ಲೆಲ್ಲೋ ಸೇರಿಕೊಂಡು ಎರಡು ದಿನ ತೊಟ್ಟಿಕ್ಕುವುದುಂಟು. ಮೊದಲು ಬ್ರೇಕ್ ಕ್ಲೀನರ್‌ನಿಂದ ತೊಳೆದು ಒರೆಸಿ. ಕೆಳಗೆ ಬಿಳಿ ಕಾರ್ಡ್‌ಬೋರ್ಡ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ಅದರ ನೇರ ಮೇಲೆ ಅಲ್ಲ, ಅದಕ್ಕಿಂತ ಎತ್ತರದಲ್ಲಿ ಒದ್ದೆಯಾಗಿರುವ ಜಾಗ ಹುಡುಕಿ.

ಡ್ರೇನ್ ಪ್ಲಗ್‌ನಲ್ಲಿ ಸೋರಿದರೆ ಹಳೆ ವಾಷರ್ ಮತ್ತೆ ಹಾಕಿದ್ದೀರಿ, ಹೊಸದು ಹಾಕಿ. ಬಿಗಿ ಮಾಡಿ ನಿಲ್ಲಿಸಲು ಹೋಗಬೇಡಿ. ಅಲ್ಯೂಮಿನಿಯಂ ಪೆಟ್ಟಿಗೆಯ ಮರೆ (ತಿರುಪಿನ ಸುತ್ತು) ಒಮ್ಮೆ ಕಿತ್ತುಬಂದರೆ ಸಣ್ಣ ಸೋರಿಕೆ ದೊಡ್ಡ ಕೆಲಸವಾಗುತ್ತದೆ. ಪ್ಯಾನ್ ಸುತ್ತ ಸೋರಿದರೂ ಕಾರಣ ಹೆಚ್ಚಾಗಿ ಅತಿ ಬಿಗಿಯೇ. ಪ್ಯಾನ್ ಬೋಲ್ಟ್‌ಗಳಿಗೆ ಬೇಕಾದದ್ದು ಸುಮ್ನೆ 7ರಿಂದ 12 ನ್ಯೂಟನ್ ಮೀಟರ್‌ನಷ್ಟು, ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. ಜಾಸ್ತಿ ಬಿಗಿದರೆ ಗ್ಯಾಸ್ಕೆಟ್ ಹಿಂಡಿಕೊಂಡು ಹೊರಗೆ ಬರುತ್ತದೆ, ಪ್ಯಾನ್ ಅಂಚು ಬಾಗುತ್ತದೆ. ಬಾಗಿದ ಅಂಚಿಗೆ ಸಿಲಿಕಾನ್ ಮೆತ್ತುವುದು ಪರಿಹಾರವಲ್ಲ. ಹೆಚ್ಚಾದ ಸಿಲಿಕಾನ್ ಒಳಗೆ ಕಳಚಿ ಫಿಲ್ಟರ್‌ಗೆ ಅಂಟಿಕೊಳ್ಳುತ್ತದೆ. ಎಲ್ಲೂ ಒದ್ದೆಯಿಲ್ಲ, ಆದರೆ ಪೆಟ್ಟಿಗೆಯ ಮೇಲ್ಭಾಗದ ಗಾಳಿ ಕೊಳವೆಯಿಂದ ಆಯಿಲ್ ಉಕ್ಕಿದ್ದರೆ ಮಟ್ಟ ಜಾಸ್ತಿ ಇದೆ.

ಹಳೆ ಆಯಿಲ್ ಏನು ಹೇಳುತ್ತದೆ

ಪ್ಯಾನ್‌ನಲ್ಲಿ ಒಂದೆರಡು ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ಕೆಸರು ಕಂಡು ಹೆದರುವವರು ಬಹಳ. ಸ್ವಲ್ಪ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ಬೆಣ್ಣೆಯಂತೆ ಜಾರಿ, ಚರ್ಮದ ಗೆರೆಗಳಲ್ಲಿ ಬೂದು ಬಣ್ಣ ಮಾತ್ರ ಉಳಿದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚಿದರೆ, ಬೆಳಕಿಗೆ ಹಿಡಿದಾಗ ಚೂರುಗಳು ಮಿನುಗಿದರೆ ಸ್ಟೀಲ್ ಭಾಗ ಯಾವುದೋ ಒಡೆಯುತ್ತಿದೆ. ಚಿನ್ನದ ಬಣ್ಣದ ಚೂರುಗಳು ಬುಶ್ (ತಿರುಗುವ ದಂಡಕ್ಕೆ ಆಸರೆಯಾದ ಲೋಹದ ಬಳೆ) ಸವೆತದಿಂದ ಬರುತ್ತವೆ. ಅವು ಮ್ಯಾಗ್ನೆಟ್‌ಗೆ ಹಿಡಿಯುವುದಿಲ್ಲ, ಪ್ಯಾನ್ ತಳದಲ್ಲಿ ಹುಡುಕಿ. ಕಪ್ಪು ಚೂರುಗಳು ರಾಶಿ ಇದ್ದು, ಆಯಿಲ್‌ಗೆ ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟಿನ ಪದರ ಹೋಗಿದೆ. ಅಂಥ ಗೇರ್‌ಬಾಕ್ಸಿಗೆ ಎಷ್ಟು ಸಲ ಆಯಿಲ್ ಹಾಕಿದರೂ ಪ್ರಯೋಜನವಿಲ್ಲ.

ಆಯಿಲ್ ಬಿಳಿಚಿಕೊಂಡ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ರೇಡಿಯೇಟರ್ ಒಳಗೇ ಗೇರ್‌ಬಾಕ್ಸ್ ಕೂಲರ್ ಇರುವ ಗಾಡಿಗಳಲ್ಲಿ ಕೂಲರ್ ತೂತಾಗಿ ಕೂಲೆಂಟ್ ಬೆರೆಯುತ್ತದೆ. ಇದು ತುರ್ತಿನ ವಿಷಯ. ಕ್ಲಚ್ ಪ್ಲೇಟಿನ ಪದರವನ್ನು ಹಿಡಿದಿರುವ ಅಂಟನ್ನು ನೀರು ಬಿಡಿಸುತ್ತದೆ. ಗಾಡಿ ಓಡಿಸದೆ, ಮೊದಲು ರೇಡಿಯೇಟರ್ ಸರಿಮಾಡಿಸಿ, ಆಮೇಲೆ ಕನ್ವರ್ಟರ್ ಸಮೇತ ಪೂರ್ತಿ ಶುದ್ಧ ಮಾಡಿಸಬೇಕು.

ಸಿವಿಟಿ, ಡ್ಯುಯಲ್ ಕ್ಲಚ್, ಮ್ಯಾನುವಲ್

ಸಿವಿಟಿಗೆ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದ್ದೀರಿ ಅಂತ ಗೊತ್ತಾದರೆ ಗಾಡಿ ಒಂದು ಸುತ್ತೂ ಓಡಿಸಬೇಡಿ. ಬೆಲ್ಟ್ ಮತ್ತು ಪುಲ್ಲಿ ನಡುವಿನ ಹಿಡಿತಕ್ಕೆಂದೇ ಮಾಡಿದ ಆಯಿಲ್ ಅದಕ್ಕೆ ಬೇಕು. ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬಿದ್ದರೆ ಅದು ಅಳಿಸುವುದಿಲ್ಲ. ಇಳಿಸಿ, ಸರಿಯಾದದ್ದು ತುಂಬಿ, ಮತ್ತೆ ಇಳಿಸಿ ತುಂಬಿ. ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ ಡ್ಯುಯಲ್ ಕ್ಲಚ್ ಪೆಟ್ಟಿಗೆಗೂ ತನ್ನದೇ ಆಯಿಲ್.

ಮ್ಯಾನುವಲ್‌ನಲ್ಲಿ ಆಯಿಲ್ ಬದಲಿಸಿದ ಮೇಲೆ ಗೇರ್ ಹಾಕುವಾಗ ಕಿರ್ರ್ ಅಂದರೆ ಡಬ್ಬದ ಮೇಲೆ ಜಿಎಲ್-4 ಇದೆಯಾ, ಜಿಎಲ್-5 ಇದೆಯಾ ನೋಡಿ; ಇವು ಗೇರ್ ಆಯಿಲ್‌ನ ದರ್ಜೆಗಳು. ಸಿಂಕ್ರೊನೈಸರ್ ರಿಂಗ್‌ಗಳು ಸ್ವಲ್ಪ ಹಿಡಿದುಕೊಂಡರೇ ಗೇರ್ ಸರಾಗ ಬೀಳುವುದು. ಜಿಎಲ್-4 ಕೇಳುವ ಪೆಟ್ಟಿಗೆಗೆ ಜಿಎಲ್-5 ಹಾಕಿದರೆ ಆ ಹಿಡಿತ ತಪ್ಪಬಹುದು. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಲೂಬಹುದು. ತಣ್ಣಗಿದ್ದಾಗ ಮಾತ್ರ ಗೇರ್ ಬಿಗಿ ಅನ್ನಿಸಿದರೆ ಹಾಕಿದ ಆಯಿಲ್ ದಪ್ಪ ಜಾಸ್ತಿ.

ಮೆಕ್ಯಾನಿಕ್ ಹತ್ತಿರ ಹೋಗುವ ಹೊತ್ತು

ಸರಿಯಾದ ತಾಪದಲ್ಲಿ ಮಟ್ಟ ನೋಡಿದ್ದೀರಿ, ಆಯಿಲ್‌ನ ಹೆಸರು ಕೈಪಿಡಿಗೆ ಹೊಂದುತ್ತದೆ, ಫಿಲ್ಟರ್ ಸರಿಯಾಗಿ ಕೂತಿದೆ, ಕನೆಕ್ಟರ್ ಗಟ್ಟಿಯಾಗಿದೆ. ಆದರೂ ಜಾರುತ್ತಿದ್ದರೆ ಇನ್ನು ಒತ್ತಡದ ಮೀಟರ್ ಹಾಕಿ ನೋಡಬೇಕು. ಅದು ಗೇರ್‌ಬಾಕ್ಸ್ ಕೆಲಸ ಬಲ್ಲವರದು. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತುವ ಸ್ಟಾಲ್ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ವಿಪರೀತ ಬಿಸಿಯಾಗುತ್ತದೆ, ಗಾಡಿ ಮುಂದಕ್ಕೆ ಹಾರುವ ಅಪಾಯವೂ ಇದೆ.

ಹೋಗುವಾಗ ಹಳೆ ಆಯಿಲ್‌ನ ಸ್ವಲ್ಪ ಭಾಗವನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ. ಒರೆಸುವ ಮೊದಲು ಮ್ಯಾಗ್ನೆಟ್‌ನ ಫೋಟೋ ತೆಗೆದಿಡಿ. ಹೊರಗೆ ಬಂದದ್ದೆಷ್ಟು, ಒಳಗೆ ಹೋದದ್ದೆಷ್ಟು, ಯಾವ ಆಯಿಲ್, ಯಾವ ಕೋಡ್, ತೊಂದರೆ ಬರುವುದು ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಇಷ್ಟು ಒಂದು ಚೀಟಿಯಲ್ಲಿ ಬರೆದು ಕೊಡಿ. ಉಳಿದ ಹಳೆ ಆಯಿಲನ್ನು ಮೋರಿಗೆ ಸುರಿಯಬೇಡಿ. ಡಬ್ಬದಲ್ಲಿ ಮುಚ್ಚಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ಆದರೆ ತೊಂದರೆ ಯಾವುದು ಅಂತ ಖಚಿತವಾಗುವವರೆಗೆ ಆ ಡಬ್ಬ ನಿಮ್ಮ ಹತ್ತಿರವೇ ಇರಲಿ.